ಗುಡ್ಡಕ್ಕೆ ಕಟ್ಟಿದ ಪರದೆ

ಊರಿನವರಿಗೆಲ್ಲ ಅವಳು ಮರದಕ್ಕ. ನಗರಸಭೆಯ ಮರಗಳ ವಿಭಾಗದಲ್ಲಿ ಕೆಲಸ. ಅನುಮತಿಯಿಲ್ಲದೆ ಯಾರಾದರೂ ಮರ ಉರುಳಿಸಿದರೆ, ಹೋಗಿ ನಷ್ಟದ ಲೆಕ್ಕ ಹಿಡಿದು ಬರುವವಳು ಅವಳೇ. ಬುಡದ ಸುತ್ತಳತೆ ತೆಗೆಯುವ ಮೊದಲು ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುವುದು ಅವಳ ರೂಢಿ. ಟೇಪ್ ಹಿಡಿಯುವ ಸಹಾಯಕ ವಯಸ್ಸಿನಲ್ಲಿ ಹಿರಿಯ; ಆದರೂ ಅವನಿಗೂ ಅವಳು ಅಕ್ಕನೇ.

"ಕ್ಷಮೆ ಕೇಳ್ತೀರೇನಕ್ಕ?" ಎಂದು ಅವನು ಒಮ್ಮೆ ಕೇಳಿದ್ದ.

"ಇಲ್ಲ ಅಣ್ಣ, ಹುಷಾರಾಗಿದೀಯಾ ಅಂತ ವಿಚಾರಿಸ್ತೀನಿ."

ಅದು ಬರೀ ತಮಾಷೆಯಲ್ಲ. ಕಡಿದ ಮರವೆಲ್ಲ ಸತ್ತ ಮರವಲ್ಲ. ತೊಗಟೆ ಸೀಳದೆ, ಬೇರು ಅಲುಗದೆ ಉಳಿದಿದ್ದರೆ ಬುಡ ಮತ್ತೆ ಚಿಗುರುತ್ತದೆ. ಹೋದದ್ದೆಷ್ಟು ಎಂದು ಬರೆಯುವಾಗ ದೇವರು ಉಳಿಸಿದ್ದೆಷ್ಟು ಎಂಬುದನ್ನೂ ಅವಳು ಮರೆಯದೆ ಬರೆಯುತ್ತಿದ್ದಳು.

ಆ ದಿನ ಪರವೂರಿನ ತರಬೇತಿ ಮುಗಿಸಿ, ಬಸ್ಸಿಳಿದವಳೇ ನೇರ ಕಚೇರಿಗೆ ಬಂದಿದ್ದಳು. ಸಾಹೇಬರು ಕಾಯುತ್ತಲೇ ಇದ್ದರು. "ನಿಮ್ಮ ಮನೆ ಹಿಂದಿನ ಗುಡ್ಡದಲ್ಲೇ ಯಾರೋ ಕೈಚಳಕ ತೋರ್ಸಿದಾರಮ್ಮ. ನೋಡ್ಕೊಂಡು ಬನ್ನಿ."

ಇಳಿಜಾರಿನಲ್ಲಿ ಒಂಬತ್ತು ಮರ ಮಲಗಿದ್ದವು. ಸೌದೆಗೆ ಕಡಿದಿದ್ದರೆ ಹೊತ್ತೊಯ್ಯುತ್ತಿದ್ದರು. ಇಲ್ಲಿ ಒಂದು ಕೊಂಬೆಯೂ ಹೋಗಿರಲಿಲ್ಲ. ಏಳು ಬುಡ ಚೆನ್ನಾಗಿದ್ದವು. ಎರಡರ ತೊಗಟೆ ಬೇರಿನವರೆಗೂ ಸೀಳಿಹೋಗಿತ್ತು. ಪಕ್ಕದಲ್ಲಿ ಹತ್ತನೆಯ ಮರವೊಂದು ಗಾಯವಿಲ್ಲದೆ ನಿಂತಿತ್ತು.

"ಅಕ್ಕ, ಇದೇನಿದು? ಮರಕ್ಕೆ ಹೂವಿನ ಬಟ್ಟೆ ಉಡ್ಸಿದಾರೆ!" ಎಂದ ಜೊತೆಗೆ ಬಂದಿದ್ದ ಸಹಾಯಕ.

ಕಡಿಯಬೇಕಾದ ಮರ ಯಾವುದೆಂದು ತೋರಿಸಲು ಯಾರೋ ಪ್ರತಿಯೊಂದಕ್ಕೂ ಬಟ್ಟೆಯ ಚೂರು ಕಟ್ಟಿದ್ದರು. ನೀಲಿ ಬಟ್ಟೆ, ಸಣ್ಣ ಬಿಳಿ ಹೂವು. ಮರದಕ್ಕ ಅದನ್ನು ಬೆರಳಲ್ಲಿ ಉಜ್ಜಿದಳು. ಆಮೇಲೆ ಬುಡವೊಂದರ ಮೇಲೆ ಹತ್ತಿ ನಿಂತು ಕೆಳಗೆ ನೋಡಿದಳು. ಒಂಬತ್ತೂ ಮರ ಬಿದ್ದ ಜಾಗದಿಂದ ನೋಟ ನೆಟ್ಟಗೆ ಹೋಗಿ ಒಂದು ಕಿಟಕಿಗೆ ತಾಗುತ್ತಿತ್ತು. ಅದು ಅವಳ ಮಾವ ಮಲಗುವ ಕೋಣೆಯದು. ಕಿಟಕಿಗೆ ಪರದೆ ಇರಲಿಲ್ಲ.

"ನೀವಿಲ್ಲೇ ಇರಿ ಅಣ್ಣ," ಎಂದು ಅವಳು ಗುಡ್ಡ ಇಳಿದಳು.

ಮಾವನ ಕೋಣೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದಳು. ಕೋಣೆ ತುಂಬ ಬಿಸಿಲು. ಮಾವ ಮುಖದ ಮೇಲೆ ಟವೆಲ್ ಹೊದ್ದು ಮಲಗಿದ್ದರು.

"ಅತ್ತೆ, ಈ ಕಿಟಕಿ ಪರದೆ ಎಲ್ಲಿ?"

"ಹಳೇದಾಗಿತ್ತು."

"ಗುಡ್ಡದ ಮೇಲೆ ಸಿಕ್ತು."

ಅತ್ತೆ ತಬ್ಬಿಬ್ಬಾಗಲಿಲ್ಲ. "ಎರಡು ವರ್ಷ ಆಯ್ತು ಇವರು ಮಂಚ ಹಿಡಿದು. ಕಣ್ಣು ಬಿಟ್ರೆ ಆ ಮರಗಳ ಕತ್ತಲು. ಒಂಚೂರು ಬಿಸಿಲು ಬೀಳ್ಲಿ ಅಂದ್ಕೊಂಡೆ."

"ಬಿತ್ತಲ್ಲ ಪುಣ್ಯಾತ್ಗಿತ್ತಿ, ನೇರವಾಗಿ ಕಣ್ಣಿಗೇ!" ಟವೆಲ್ ಒಳಗಿಂದ ಮಾವನ ದನಿ ಬಂತು. "ಎಳ್ಕೊಳ್ಳೋಣ ಅಂದ್ರೆ ಪರದೆ ಇಲ್ಲ."

"ನೀವು ಸುಮ್ನಿರಿ!"

"ಅನುಮತಿ ಬೇಕಾಗಿತ್ತು ಅತ್ತೆ."

"ಮರದ ಆಫೀಸೇ ನನ್ನ ಮನೇಲಿ ಉಂಡು ಮಲಗತ್ತೆ, ಇನ್ಯಾವ ಅನುಮತಿ? ಕಡಿಯೋಕೆ ಬಂದೋನೂ ಕೇಳ್ದ. ನನ್ನ ಸೊಸೆ ಯಾರು ಗೊತ್ತೇನೋ ಅಂದೆ. ಗಪ್‌ಚಿಪ್ಪಾಗಿ ಗರಗಸ ಎತ್ಕೊಂಡ. ಕೊನೇದೊಂದು ಉಳೀತು, ಅಷ್ಟರಲ್ಲಿ ಗರಗಸದ ಹಲ್ಲು ಮುರೀತು."

ಮರದಕ್ಕ ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಈ ಒಂದು ಮಾತಿನಲ್ಲಿ ಮಣ್ಣುಪಾಲಾಗಬಹುದು. ಸತ್ಯ ಬರೆದರೆ ಮನೆಯ ನೆಮ್ಮದಿ ಉಳಿಯುತ್ತದೋ ಇಲ್ಲವೋ.

"ಅತ್ತೆ, ನಿಮ್ಮ ಹೆಸರು ಬರೀಲೇಬೇಕು."

ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಒಳಗಿದ್ದ ಮರದಕ್ಕನ ಗಂಡ ಕಿವಿಗೊಟ್ಟ, ಹೊರಗಂತೂ ಬರಲಿಲ್ಲ.

"ಬರೀದಿದ್ರೆ?"

"ನಾಳೆ ಯಾರು ಮರ ಕಡಿದ್ರೂ ನಾನು ಹೋಗಿ ಕೇಳೋ ಹಾಗಿಲ್ಲ. ಮೊದ್ಲು ನಿನ್ನ ಮನೆ ನೋಡ್ಕೊಳಮ್ಮ ಅಂತಾರೆ."

ಅತ್ತೆ ಕೈಲಿದ್ದ ಹೊದಿಕೆಯನ್ನು ಮಡಿಸಿದಳು. ಬಿಚ್ಚಿ, ಮತ್ತೆ ಮಡಿಸಿದಳು. ಕಡೆಗೆ ಅಂದಳು: "ಹಾಗಿದ್ರೆ ಸರಿಯಾಗಿ ಬರಿ. ನಮ್ಮಪ್ಪನ ಹೆಸರೂ ಸೇರ್ಸು, ಇನ್ಯಾರೋ ಅಂದ್ಕೊಂಡಾರು. ಮುದುಕಿ ಒಬ್ಬಳೇ ಮಾಡಿದ್ದು, ಸೊಸೆ ಊರಲ್ಲೇ ಇರ್ಲಿಲ್ಲ ಅನ್ನೋದನ್ನ ದಪ್ಪಕ್ಷರದಲ್ಲಿ ಬರಿ."

ಮರದಕ್ಕ ಹಾಗೆಯೇ ಬರೆದಳು. ಸಾಹೇಬರು ತಾವೇ ಬಂದು ಒಂದೊಂದು ಬುಡವನ್ನೂ ಮತ್ತೆ ಅಳೆಸಿದರು. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ದಂಡ ಹಾಕಿದರು. ಇಳಿಜಾರಿನ ಮಣ್ಣನ್ನು ಹಿಡಿದಿರುವುದೇ ಬೇರು, ಒಂದು ಬುಡವನ್ನೂ ಕೀಳಕೂಡದು ಎಂದರು. ಸತ್ತ ಎರಡರ ಜಾಗದಲ್ಲಿ ಸಸಿ ನೆಟ್ಟು, ಎಲ್ಲವೂ ನೆಲೆ ಹಿಡಿಯುವ ತನಕ ಅತ್ತೆಯೇ ನೋಡಿಕೊಳ್ಳಬೇಕು ಎಂದು ಬರೆಸಿದರು.

ಈಗ ದಿನಾ ಬೆಳಿಗ್ಗೆ ಅತ್ತೆ ಬಿಂದಿಗೆ ಹಿಡಿದು ಗುಡ್ಡ ಹತ್ತುತ್ತಾಳೆ. ಮಾವ ದಿಂಬಿಗೊರಗಿ ಕಿಟಕಿಯಿಂದಲೇ ಯಜಮಾನಿಕೆ ನಡೆಸುತ್ತಾರೆ. "ಎಡಗಡೆ ಸಸಿಗೆ ನೀರು ಬಿದ್ದಿಲ್ಲ!" "ಕಣ್ಣು ಇಷ್ಟು ಚುರುಕಾಗಿದ್ರೆ ಕಾಲಿಗೇನು ಬಂದಿದೆ? ಎದ್ದು ಬನ್ನಿ!" ಮೊದಲು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಮನುಷ್ಯ ಈಗ ಬೆಳಗಾಗುವುದನ್ನೇ ಕಾಯುತ್ತಾರೆ.

ಬುಡಗಳು ಚಿಗುರಿದ ಮೇಲೆ ಮರದಕ್ಕ ಟೇಪ್ ಹಿಡಿದು ಹೋದಳು. ಒಂದರ ಮೇಲೆ ಅಂಗೈ ಇಟ್ಟಳು.

"ಏನಂತೆ?" ಅತ್ತೆ ಕೇಳಿದಳು.

"ಹುಷಾರಾಗಿದೆಯಂತೆ."

"ನನ್ನನ್ನ ಬೈತಾ?"

"ದಿನಾ ನೀರು ಕುಡ್ಕೊಂಡು ಬೈಯುತ್ತಾ ಅತ್ತೆ?"

ಅತ್ತೆ ನಗುತ್ತ ಹತ್ತನೆಯ ಮರದತ್ತ ಹೋಗಿ, ಅಲ್ಲಿ ಇನ್ನೂ ಉಳಿದಿದ್ದ ಬಟ್ಟೆಯ ಗಂಟಿಗೆ ಕೈ ಹಾಕಿದಳು. ಬಿಸಿಲು ಏರುವ ಹೊತ್ತಿಗೆ ಆ ಮರದ ನೆರಳು ಸರಿಯಾಗಿ ಮಾವನ ದಿಂಬಿನ ಮೇಲೆ ಬೀಳುತ್ತಿತ್ತು.

"ಬಿಚ್ಚಬೇಡ ಕಣೇ!" ಕಿಟಕಿಯಿಂದ ಕೂಗು ಬಂತು. "ನನ್ನ ಪರದೆ ಅದು!"