ಪರಸುಗೆ ನಾನು ಓದಿ ಹೇಳದ ಸಾಲು

ನಂಬಲಾಗುತ್ತಿಲ್ಲ...
ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಈಗ ಸಂಜೆ ನಾಲ್ಕು.
ಇನ್ನೂ ಅವನ ವಾಟ್ಸಾಪ್ ತೆರೆದು ‘ಆನ್‌ಲೈನ್’ ಅಂತ ಬರುತ್ತದೇನೋ ಎಂದು ನೋಡುತ್ತಿದ್ದೇನೆ...

ಪರಸು ಹೋಗಿಬಿಟ್ಟ.

ನಮ್ಮ ಪ್ರೆಸ್ಸಿನ ಪರಶುರಾಮ. ಲಗ್ನಪತ್ರಿಕೆ ಮಾಡಿಸಲು ಬಂದವರಿಗೆಲ್ಲ ಗೊತ್ತು.
ಅವನು ಮಷಿನ್ ನಡೆಸುತ್ತಿದ್ದ, ನಾನು ಒಳಗೆ ಕುಳಿತು ಪ್ರೂಫ್ ನೋಡುತ್ತಿದ್ದೆ.
ನಾನು ಯಾರ ಜೊತೆಗೂ ಹೆಚ್ಚು ಮಾತಾಡುವವಳಲ್ಲ. ಅವನು ಬಿಡುತ್ತಿರಲಿಲ್ಲ.
“ಅಕ್ಕಾರ, ಬಾಯಿಗಿ ಲಾಕ್ ಹಾಕೀರೇನು?” ಅನ್ನುತ್ತಿದ್ದ.

ಮೂರು ವರ್ಷದ ಹಿಂದೆ ತಿಕೋಟಾದಲ್ಲಿ, ಸೋದರಮಾವನ ಒಣದ್ರಾಕ್ಷಿ ಶೆಡ್ಡಿನ ಮೇಲಿನ ಅಂತಸ್ತಿನಿಂದ ಬಿದ್ದ.
ಕುತ್ತಿಗೆಯ ಕೆಳಗೆ ಏನೂ ಅಲುಗಾಡಲಿಲ್ಲ.
ಮಾತು ಮಾತ್ರ ಉಳಿಯಿತು...

ಹೋದ ವರ್ಷ ದೂರದ ಊರಿನ ಆಸ್ಪತ್ರೆಯವರು ಒಂದು ಪ್ರಯೋಗಕ್ಕೆ ಅವನನ್ನು ಆರಿಸಿಕೊಂಡರು.
ಮೆದುಳಿನಲ್ಲಿ ಸಣ್ಣ ಚಿಪ್ ಇಡುತ್ತಾರೆ. ಕೈ ಆಡಿಸಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಕಂಪ್ಯೂಟರಿನ ಬಾಣ ಸರಿಯುತ್ತದೆ, ಅಕ್ಷರ ಆರಿಸುತ್ತದೆ.
ಖಾತ್ರಿ ಏನೂ ಇಲ್ಲ ಎಂದು ಅವರೇ ಹೇಳಿದ್ದರು.
ಒಪ್ಪಿಗೆಯ ಹಾಳೆಗಳನ್ನು ಮನೆಗೇ ಕಳಿಸಿ, ಪೂರ್ತಿ ಓದಿಸಿಕೊಳ್ಳಿ, ಪ್ರಶ್ನೆಗಳಿದ್ದರೆ ಬರೆದುಕೊಂಡು ಬನ್ನಿ ಅಂದಿದ್ದರು.

ಇಂಗ್ಲಿಷಿನಲ್ಲಿದ್ದವು. ಓದಿ ಹೇಳಲು ಪರಸು ನನ್ನನ್ನು ಕರೆದ.

ಇಬ್ರಾಹಿಂಪುರದ ಅವರ ಮನೆ. ದೀಪ ಹಚ್ಚುವ ಹೊತ್ತು. ತಾಯಿ ಶಾಂತವ್ವ ಅವನ ತಲೆದಿಂಬಿನ ಪಕ್ಕದಲ್ಲೇ ಇದ್ದರು.
ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ‘ಸೋಂಕು ಆಗಬಹುದು’ ಅನ್ನುವಷ್ಟರಲ್ಲಿ ಶಾಂತವ್ವ ಕೈ ಅಡ್ಡ ಹಿಡಿದರು.
“ಸಾಕ್ ಬಿಡವಾ ತಂಗಿ. ಆಡಿದ್ದಕ್ಕೆಲ್ಲ ಅಸ್ತು ಅನ್ನೂ ದೇವತಿಗೋಳು ತಿರಗ್ಯಾಡೂ ಹೊತ್ತು. ಕೆಟ್ಟದ್ದು ಬಾಯಾಗ ತರಬ್ಯಾಡ.”
“ಯವ್ವಾ, ಆಕಿ ಓದಲಿ. ನನ್ನ ತಲಿ, ನನ್ನ ಕಾಗದ.”
“ನಿನ್ನ ತಲಿ ಯಾರ ಹಡದಾರಲೇ?”
ಅವನು ನಕ್ಕ. ನಾನೂ ನಕ್ಕೆ.

ಮುಂದಿನ ಸಾಲು ಹೀಗಿತ್ತು... ಸೋಂಕು ಮೆದುಳಿಗೆ ಹರಡಿದರೆ ಪ್ರಾಣ ಹೋಗಬಹುದು. ತಲೆನೋವು ಹೆಚ್ಚಿದರೆ ಒಂದು ತಾಸೂ ಕಾಯಬಾರದು.

ಅದನ್ನು ಓದಲಿಲ್ಲ.
ಆ ತಾಯಿಯ ಮುಖ ನೋಡಿ “ಔಷಧಿ ಕೊಡ್ತಾರ” ಎಂದಷ್ಟೇ ಹೇಳಿ ಹಾಳೆ ತಿರುವಿದೆ.
ಒಂದು ಅಕ್ಷರ ಬಿಟ್ಟರೂ ಹಿಡಿಯುವುದು ನನ್ನ ನೌಕರಿ.
ಆಮೇಲೆ ಅವನೊಬ್ಬನಿಗೇ ಹೇಳೋಣ ಅಂದುಕೊಂಡೆ. ಅವನು ಒಬ್ಬನೇ ಇರುತ್ತಿರಲೇ ಇಲ್ಲ... ಶಾಂತವ್ವರನ್ನು ಸ್ವಲ್ಪ ಹೊರಗೆ ಇರಿ ಎನ್ನುವ ಧೈರ್ಯ ನನಗೆ ಬರಲಿಲ್ಲ.
ಆಸ್ಪತ್ರೆಯಲ್ಲಿ ಪ್ರಶ್ನೆಗಳಿವೆಯೇ ಎಂದು ಕೇಳಿದರಂತೆ. ಇಲ್ಲ ಅಂದನಂತೆ.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕಲಿಸಿದರು. ಮನೆಗೆ ಬಂದ ವಾರಕ್ಕೆ ನನಗೊಂದು ಮೆಸೇಜ್.
“ಅಕ್ಕಾರ ಇದನ್ನ ನಾನ ಬರದೇನಿ. ಅವ್ವ ನೋಡಿಲ್ಲ. ಮೂರ ವರ್ಷಾತು ಅವ್ವಗ ಕೇಳಸ್ದಂಗ ಒಂದ ಮಾತ ಆಡಿದ್ದಿಲ್ಲ. ತಪ್ಪಿದ್ರ ತಿದ್ದಬ್ಯಾಡ್ರಿ.”

ಅದಕ್ಕೇ ಹೇಳುತ್ತೇನೆ, ಇದನ್ನು ಓದಿ ಯಾರೂ ‘ಅಂಥದ್ದೆಲ್ಲ ಬೇಡವೇ ಬೇಡ’ ಎಂದು ಕಾಮೆಂಟ್ ಹಾಕಬೇಡಿ. ಆ ಮೆಸೇಜ್ ಬಂದ ದಿನ ಅವನೆಷ್ಟು ಖುಷಿಯಾಗಿದ್ದ ಎಂದು ನನಗೆ ಗೊತ್ತು.

ಪರಸು...
ಹನ್ನೊಂದು ದಿನದ ಹಿಂದೆ ನೀನು ಬರೆದಿದ್ದೆ.
“ತಲಿ ಭಾಳ ನೋಯಾಕತ್ತೈತ್ರಿ. ಅವ್ವಗ ಹೇಳಿಲ್ಲ. ಡಾಕ್ಟರಿಗೆ ಹೇಳಿದ್ರ ಚಿಪ್ ತಗದಬಿಡ್ತಾರ. ಆ ಹಾಳ್ಯಾಗ ತಲಿನೋವಿಂದು ಏನರ ಇತ್ತೇನ್ರಿ?”

ಇತ್ತು, ಪರಸು.
ಟೈಪ್ ಮಾಡಿದೆ. ಅಳಿಸಿದೆ. ಈಗ ಹೇಳಿದರೆ ಆಗ ಮುಚ್ಚಿಟ್ಟದ್ದು ಗೊತ್ತಾಗುತ್ತದೆ ಎಂದು ಹೆದರಿದೆ.
‘ಡಾಕ್ಟರಿಗೆ ಹೇಳು’ ಅಂತಷ್ಟೇ ಕಳಿಸಿದೆ. ನೀನು ‘ನೋಡೂಣ್ರಿ’ ಅಂದೆ.
ನೀನು ಎರಡು ದಿನ ಕಾದು ನೋಡಿದೆ... ಮೂರನೆಯ ದಿನ ಚಳಿಜ್ವರ. ಆ ಆಸ್ಪತ್ರೆಗೇ ಒಯ್ದು ಚಿಪ್ ತೆಗೆಸಿದರೂ ಸೋಂಕು ಇಳಿಯಲಿಲ್ಲವಂತೆ.
ಆ ಎರಡು ದಿನದಲ್ಲಿ ನಿನ್ನನ್ನು ಉಳಿಸಬಹುದಿತ್ತೇ? ಯಾರನ್ನು ಕೇಳಲಿ? ಕೇಳಲಿಕ್ಕೂ ಭಯ.

ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೇನೆ. ಬಬಲೇಶ್ವರಕ್ಕೆ, ನಮ್ಮೂರಿಗೆ ಹೋಗುವ ಬಸ್ಸು ಎರಡು ಬಂದು ಹೋದವು.
ಇನ್ನೊಂದು ಭಯವೂ ಇದೆ.
ಭೂತನಾಳದ ಒಬ್ಬರು, ಮಗಳಿಗೆ ಇಪ್ಪತ್ತೆರಡು, ಅವಳದೂ ಇದೇ ಸ್ಥಿತಿ. ಅವರ ಮನೆಗೂ ಅದೇ ಹಾಳೆಗಳು ಬಂದಿವೆ. ನನ್ನ ನಂಬರ್ ಕೊಟ್ಟವನು ಪರಸುನೇ.
“ನಮ್ಮ ಅಕ್ಕಾರು ಛಲೋ ಓದಿ ಹೇಳ್ತಾರ್ರಿ” ಅಂದಿದ್ದನಂತೆ...
ರವಿವಾರ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಆಗುವುದಿಲ್ಲ ಎಂದು ಇವತ್ತೇ ಹೇಳಿಬಿಡಬೇಕು ಅಂತಿದ್ದೆ.

ಮಧ್ಯಾಹ್ನ ಶಾಂತವ್ವ, ಅವನನ್ನು ಊರಿಗೆ ತರುತ್ತಿದ್ದ ಆಂಬುಲೆನ್ಸಿನಿಂದಲೇ ಫೋನ್ ಮಾಡಿದರು.
“ತಂಗಿ, ಹಿಂಗ ಆಗಬಹುದಂತ ಆ ಹಾಳ್ಯಾಗ ಬರದಿತ್ತೇನವಾ?”
ಬರೆದಿತ್ತು ಅಂದೆ. ನಾನು ಓದಲಿಲ್ಲ ಅಂದೆ. ಅವನಾಗಿಯೇ ಕೇಳಿದಾಗಲೂ ಹೇಳಲಿಲ್ಲ ಅಂದೆ.
“ನಾನ ಬ್ಯಾಡ ಅಂದಿದ್ನೆವಾ. ನನ್ನ ಮಾತ ಯಾಕ ಕೇಳಿದಿ?”
ಆಮೇಲೆ ಅವರೇ ಕೇಳಿದರು, “ಭೂತನಾಳಕ್ಕ ರವಿವಾರ ಹೋಗಾಕಿ ಹೌದಿಲ್ಲೋ?”
ಪರಸು ಅವರಿಗೂ ಹೇಳಿದ್ದ.
“ಹೋಗು. ಪೂರಾ ಓದು. ಆ ಹುಡುಗಿ ಅವ್ವ ಬ್ಯಾಡ ಅಂದ್ಲಂದ್ರ, ನನಗ ಫೋನ್ ಹಚ್ಚಿ ಆಕಿ ಕೈಯಾಗ ಕೊಡು. ನಾ ಹೇಳ್ತೀನಿ.”

ಗೆಳೆಯರೇ, ನಾಳೆ ಬೆಳಿಗ್ಗೆ ಅವರ ಮೂಲ ಊರು ತಿಕೋಟಾದಲ್ಲೇ ಮಣ್ಣು ಮಾಡುತ್ತಾರೆ. ಬರುವವರು ಬನ್ನಿ.
ರವಿವಾರ ನಾನು ಭೂತನಾಳದಲ್ಲಿರುತ್ತೇನೆ. ಹೆದರಿಕೆ ಹೋಗಿಲ್ಲ...

ಪರಸು, ನೋವಿಲ್ಲದ ಕಡೆ ನಿನ್ನ ಜೀವ ತಣ್ಣಗಿರಲಿ.