ಎರಡು ಸಾಲು ಮೇಲಕ್ಕೆ ಹಾರಿದ ‘ಅಲ್ಲ’

ನ್ಯಾಯಾಲಯದ ಎರಡನೆಯ ಹಾಲ್‌ನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವ ಹೆಂಗಸಿಗೆ ಖಟಖಟಕ್ಕ ಎಂಬ ಹೆಸರು ಬಿದ್ದು ಇಪ್ಪತ್ತೊಂಬತ್ತು ವರ್ಷ. ಅವಳ ಕೀಬೋರ್ಡಿನ ಸದ್ದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಒಂಬತ್ತು ಕೀಲಿಗಳ ಮೇಲಿನ ಅಕ್ಷರ ಅಳಿಸಿಹೋಗಿದ್ದು ಎಷ್ಟೋ ದಿನ ಅವಳಿಗೆ ಗೊತ್ತೇ ಇರಲಿಲ್ಲ.

ಅವಳಿಗೆ ಟೈಪಿಂಗ್ ಕಲಿಸಿದ್ದು ಸೋದರತ್ತೆ. ಯಂತ್ರದ ಮೇಲೆ ಟವೆಲ್ ಹೊದಿಸಿ, ಅದರಡಿ ಕೈ ತೂರಿಸಿ ಟೈಪ್ ಮಾಡಿಸುತ್ತಿದ್ದಳು. ಬಗ್ಗಿ ಇಣುಕಿದರೆ ತಲೆಗೊಂದು ಮೊಟಕು. “ಬೆರಳಿನ ಕೆಲ್ಸ ಕಣ್ಣಿಗ್ಯಾಕೆ ಕೊಡ್ತೀಯೇ?” ಹೀಗೆ ಬಿಡುವಾದ ಕಣ್ಣನ್ನು ಅವಳು ಸಾಕ್ಷಿಯ ಮುಖಕ್ಕೆ ನೆಟ್ಟಳು. ಕಟಕಟೆ ಹತ್ತಿದವರಲ್ಲಿ ಅರ್ಧ ಜನ ಮಾತು ನುಂಗುತ್ತಾರೆ. ತುಟಿ ನೋಡದಿದ್ದರೆ ಮಾತು ಸಿಕ್ಕುವುದಿಲ್ಲ.

ಹೊಸದಾಗಿ ಬಂದ ಮೇಲ್ವಿಚಾರಕನಿಗೆ ವೈರು ಕಂಡರಾಗದು. ಎಲ್ಲರಿಗೂ ಲ್ಯಾಪ್‌ಟಾಪ್ ಬಂತು. ಹಳೆಯ ಕೀಬೋರ್ಡು, ಮೌಸುಗಳನ್ನೆಲ್ಲ ಉಗ್ರಾಣಕ್ಕೆ ಒಪ್ಪಿಸಬೇಕೆಂದು ಸುತ್ತೋಲೆಯೂ ಬಂತು. ಕಡತದ ಗುಮಾಸ್ತ ಒಂದು ಮೌಸನ್ನು ಒಪ್ಪಿಸಿ ಇನ್ನೊಂದನ್ನು ಡ್ರಾಯರಿನಲ್ಲಿ ಬಚ್ಚಿಟ್ಟ. “ಈ ಇಲಿ ನನ್ನ ಕೈಲೇ ಸಾಯ್ಲಿ ಬಿಡಿ ಅಕ್ಕ,” ಎಂದ.

ಪಕ್ಕದ ಹಾಲ್‌ನ ಟೈಪಿಸ್ಟ್ ಹುಡುಗಿಗೆ ಮಾತ್ರ ಟ್ರ್ಯಾಕ್‌ಪ್ಯಾಡ್ ಎಂದರೆ ಪ್ರಾಣ. “ಬೆರಳು ಹೀಗ್ ಸವರಿದ್ರೆ ಆಯ್ತಕ್ಕ. ಮೇಜಿನ ತುಂಬ ಇಲಿ ಓಡಿಸ್ಕೊಂಡು ಯಾರಿರ್ತಾರೆ?”

ಆ ಹುಡುಗಿ ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅವಳಿಗೆ ಅದು ಒಗ್ಗಿತು. ಖಟಖಟಕ್ಕ ತನ್ನ ಕೀಬೋರ್ಡನ್ನು ಉಗ್ರಾಣಕ್ಕೂ ಕೊಡಲಿಲ್ಲ, ಮೇಜಿನ ಮೇಲೂ ಇಡಲಿಲ್ಲ. ಕಪಾಟಿಗೆ ಸೇರಿಸಿ, ನೋಡೋಣ ಎಂದು ಲ್ಯಾಪ್‌ಟಾಪಿನ ಮುಂದೆ ಕುಳಿತಳು.

ನಾಲ್ಕನೆಯ ದಿನ ಗೋದಾಮಿನ ಕಾವಲುಗಾರನೊಬ್ಬ ಸಾಕ್ಷಿಗೆ ಬಂದ. ಬೀಗ ಹಾಕಿದವನು ನಾನು, ಎಂದ. ಆಮೇಲೆ ಗೋದಾಮಿನ ಬಾಗಿಲು, ದೀಪಗಳ ವಿಚಾರ ಹೇಳಿದ. ಕೊನೆಗೆ, ಕಳ್ಳರಿಗೆ ಕೀಲಿ ಕೊಟ್ಟವನು ನಾನು, ಎಂದವನು ಕೆಮ್ಮಿದ. ಉಗುಳು ನುಂಗಿ, “ಅಲ್ಲ” ಎಂದ.

ಆ ಕೆಮ್ಮಿನ ಹೊತ್ತಿನಲ್ಲಿ ಖಟಖಟಕ್ಕನ ಹೆಬ್ಬೆರಳು ಎಂದಿನಂತೆ ಕೀಲಿಗಳ ಕೆಳಗೆ, ಮೇಜಿನ ಮೇಲೆ ಒರಗಲು ಹೋಯಿತು. ಅಲ್ಲಿ ಮೇಜಿರಲಿಲ್ಲ, ಟ್ರ್ಯಾಕ್‌ಪ್ಯಾಡ್ ಇತ್ತು. ತಾಗಿದ್ದೇ ತಡ, ಕರ್ಸರ್ ಎರಡು ಸಾಲು ಮೇಲಕ್ಕೆ ಜಿಗಿಯಿತು. ‘ಅಲ್ಲ’ ಬೀಗದ ಸಾಲಿನ ಕೊನೆಗೆ ಹೋಗಿ ಕೂತಿತು.

ಹೇಳಿಕೆಯನ್ನು ಓದಿ ಹೇಳಿದಾಗ ಬೀಗ ಹಾಕಿದವನು ಅವನಲ್ಲ, ಕೀಲಿ ಕೊಟ್ಟವನು ಅವನೇ ಎಂದಾಗಿತ್ತು. ಕಾವಲುಗಾರ ಕಟಕಟೆಯಿಂದ ಖಟಖಟಕ್ಕನತ್ತ ಬಗ್ಗಿದ. “ಅಮ್ಮಾ, ನಾನೆಲ್ಲಿ ಹಾಗಂದೆ? ನೀವು ನನ್ನ ಮುಖಾನೇ ನೋಡ್ತಾ ಇದ್ರಲ್ಲ.”

ನ್ಯಾಯಾಧೀಶರು ಅಲ್ಲೇ ತಿದ್ದಿಸಿದರು. ಮೇಲ್ವಿಚಾರಕ ಅಷ್ಟಕ್ಕೆ ಬಿಡಲಿಲ್ಲ. ಸಂಜೆಯೊಳಗೆ ಅವಳ ಕೈಗೊಂದು ಜ್ಞಾಪನ ಬಂತು: ‘ನನ್ನ ಅಜಾಗರೂಕತೆಯಿಂದ ತಪ್ಪಾಗಿದೆ’ ಎಂದು ಸಹಿ ಹಾಕಬೇಕು, ಅದು ಸೇವಾ ಪುಸ್ತಕಕ್ಕೆ ಸೇರುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಅವಳ ಮೇಲೆ ಅಂಥ ಒಂದು ಪದವೂ ಇರಲಿಲ್ಲ.

“ಹಾಕ್ಬಿಡಿ ಅಕ್ಕ, ಒಂದು ಸಹಿ ತಾನೆ,” ಎಂದ ಗುಮಾಸ್ತ.

“ಸಾಕ್ಷಿ ಹೇಳದ್ದನ್ನ ನಾನು ಬರೆಯಲ್ಲ. ನಾನು ಮಾಡದ್ದನ್ನ ಬರೀತೀನಾ?”

ಸಹಿಯ ಜಾಗದಲ್ಲಿ ಅವಳು ಹೀಗೆ ಬರೆದಳು: ‘ಹೆಬ್ಬೆರಳು ನನ್ನದೇ. ಅದು ಇಪ್ಪತ್ತೊಂಬತ್ತು ವರ್ಷ ಇದ್ದ ಜಾಗದಲ್ಲೇ ಇತ್ತು. ಜಾಗ ಬದಲಾಯಿಸಿದವರು ಬೇರೆ.’

ಮರುದಿನ ಬೆಳಿಗ್ಗೆ ಕಪಾಟಿನಿಂದ ಕೀಬೋರ್ಡ್ ತೆಗೆದು, ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ಮೇಲ್ವಿಚಾರಕ ಜ್ಞಾಪನ ಹಿಡಿದೇ ಬಂದ.

“ಏನಮ್ಮಾ ಇದು? ಸಹಿ ಹಾಕಿ ಅಂದ್ರೆ ಪುರಾಣ ಬರೆದಿದ್ದೀರಿ. ಅದರ ಮೇಲೆ ಈ ಕೀಬೋರ್ಡ್ ಬೇರೆ. ಸುತ್ತೋಲೆ ಓದಿಲ್ವಾ?”

“ಓದಿದೀನಿ. ಟೈಪ್ ಮಾಡಿದ್ದೇ ನಾನು.”

“ಎಲ್ಲರಿಗೂ ಆಗೋದು ನಿಮಗೊಬ್ಬರಿಗೆ ಯಾಕಾಗಲ್ಲ?”

“ಎಲ್ಲರೂ ಪರದೆ ನೋಡ್ತಾರೆ. ನಾನು ಮನುಷ್ಯರನ್ನ ನೋಡ್ತೀನಿ.”

“ಈಗಲೇ ತೆಗೀರಿ.”

ಅವಳು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವನತ್ತ ಸರಿಸಿದಳು. “ಬರೆದುಕೊಡಿ. ಕೀಬೋರ್ಡ್ ತೆಗೆಸಿದ್ದು ನಾನು, ಇನ್ನು ಮುಂದೆ ಯಾರದ್ದೇ ‘ಅಲ್ಲ’ ಹಾರಿ ಹೋದ್ರೂ ಹೊಣೆ ನನ್ನದು ಅಂತ. ಈ ಕ್ಷಣ ತೆಗೀತೀನಿ.”

ಮೇಲ್ವಿಚಾರಕ ಹಾಳೆ ನೋಡಿದ. ಹೊರಗೆ ಸಾಕ್ಷಿಯ ಹೆಸರು ಕೂಗುತ್ತಿದ್ದರು. ಪೆನ್ನಿನ ಕಡೆ ಹೋದ ಕೈ ಜೇಬಿಗೆ ತಿರುಗಿತು. ಜ್ಞಾಪನದಲ್ಲಿ ಒಕ್ಕಣೆ ಸರಿಯಿಲ್ಲ, ತಿದ್ದಿ ಕಳಿಸುತ್ತೇನೆ ಎಂದು ಹೇಳಿ ಅದನ್ನು ನಾಲ್ಕಾಗಿ ಮಡಿಸಿಕೊಂಡ. ಅದು ಮತ್ತೆ ಬರಲಿಲ್ಲ.

“ಮಾತಾಡಿ,” ಎಂದಳು ಖಟಖಟಕ್ಕ, ಕಟಕಟೆ ಹತ್ತುತ್ತಿದ್ದ ಮುದುಕಿಯ ಮುಖ ನೋಡುತ್ತ. “ನಿಧಾನ ಬೇಡ. ನಿಮ್ಮ ಪಾಡಿಗೆ ಮಾತಾಡಿ.”