ಹೆಬ್ಬಾತು ಕದ್ದವನಿಗೊಂದು ಎಡೆ

ನಮ್ಮ ಓನರ್ ತಾತನ ಮೊಣಕಾಲುಗಳು ಸಿಪ್ಪೆ ಹೆರೆದ ಸುವರ್ಣಗೆಡ್ಡೆಯ ಹಾಗಿದ್ದವು: ಗಂಟುಗಂಟು, ನಸುಗೆಂಪು. ಚಳಿಗಾಲದಲ್ಲೂ ಅವರು ಪ್ಯಾಂಟು ಹಾಕಿದವರಲ್ಲ, ಖಾಕಿ ಚಡ್ಡಿಯೇ. ಹೀಗಾಗಿ ಅಮೆರಿಕದ ಕ್ಯಾಂಪ್‌ಬೆಲ್ಲಿನ ಆ ಬೀದಿಯವರಿಗೆ ಅವರ ಮುಖಕ್ಕಿಂತ ಮೊಣಕಾಲಿನ ಪರಿಚಯವೇ ಹೆಚ್ಚು. ಎರಡೂ ಮೊಣಕಾಲಿಗೆ ಪಟಾರನೆ ಹೊಡೆದುಕೊಂಡರೆಂದರೆ ಕತೆ ಶುರುವಾಯಿತು, ಒಲೆ ಮೇಲಿನ ಕುಕ್ಕರ್ ಆರಿಸಿ ಬಂದು ಕೂರಬೇಕು ಎಂದರ್ಥ.

ಊರಿಗೆಲ್ಲ ಇಂಟರ್‌ನೆಟ್ಟಿನ ಅಮಲೇರಿದ್ದ ಕಾಲ. ನಾನೂ ಮಂಡ್ಯದ ಗೆಳೆಯನೊಬ್ಬನೂ ತಾತನ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ತಾತ ಟಾಸ್ಮೇನಿಯಾ ದ್ವೀಪದಿಂದ ಬಂದವರು, ಒಂಟಿ. ಮೊದಲ ದಿನವೇ ನನ್ನನ್ನು ವಿಚಾರಿಸಿಕೊಂಡಿದ್ದರು. ಅವರ ಇಂಗ್ಲಿಷು ನನ್ನ ಬಾಯಲ್ಲಿ ಕನ್ನಡವಾಗಿಯೇ ಬರುತ್ತದೆ, ಸಹಿಸಿಕೊಳ್ಳಿ.

"ವೀಸಾ ಎಷ್ಟು ವರ್ಷದ್ದಪ್ಪಾ?"

"ಆರು ವರ್ಷ."

"ನಮ್ಮಜ್ಜನಿಗೆ ಏಳು ಹಾಕಿದ್ರು. ಅವನು ಹೆಬ್ಬಾತು ಕದ್ದಿದ್ದ. ನೀನೇನು ಕದ್ದೆ?"

ಅಜ್ಜನೆಂದರೆ ಅಜ್ಜನ ಅಜ್ಜ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಹಸಿದ ಹುಡುಗ. ಜಮೀನ್ದಾರನ ಹೆಬ್ಬಾತನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೊರಟಿದ್ದಾನೆ, ಎದುರಿಗೆ ಪೊಲೀಸ್ ಪೇದೆ. ಪೇದೆ "ಗುಡ್ ಮಾರ್ನಿಂಗ್" ಅಂದ. ಉತ್ತರ ಕೊಟ್ಟಿದ್ದು ಬಾತು. ನಮ್ಮವರನ್ನು ಅಂಡಮಾನಿಗೆ ಕರಿನೀರಿನ ಶಿಕ್ಷೆಯೆಂದು ಅಟ್ಟುತ್ತಿದ್ದರಲ್ಲ, ಹಾಗೆ ಆ ಹುಡುಗನನ್ನು ಕಾಲಿಗೆ ಬೇಡಿ ತೊಡಿಸಿ ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಸಾಗಿಸಿದರು. ಅಲ್ಲಿ ಸೇತುವೆಗಳಿಗೆ ಕಲ್ಲು ಹೊತ್ತ. ಶಿಕ್ಷೆ ಮುಗಿದ ಮೇಲೆ ವಾಪಸು ಹೋಗಲು ದಾರಿಯಿಲ್ಲದೆ ಯಾರದೋ ಕುರಿ ಕಾಯ್ದ. ಹಾಸಿಗೆ ಬಟ್ಟೆ ಕದ್ದು ಅಲ್ಲಿಗೇ ಬಂದಿದ್ದ ಹುಡುಗಿಯನ್ನು ಮದುವೆಯಾದ. "ಬಾತೂ ಬಂತು, ಹಾಸಿಗೇನೂ ಬಂತು, ಸಂಸಾರಕ್ಕೆ ಇನ್ನೇನು ಬೇಕು?" ಎಂದು ತಾತ ನಗುತ್ತಿದ್ದರು.

ಕತೆಯಲ್ಲಿ ಬಾತಿನ ಕೂಗು ಮೊದಮೊದಲು ತಾತನದೇ ಇತ್ತು. ಮೇಷ್ಟ್ರುಗಳನ್ನೆಲ್ಲ ಅಣಕಿಸಿ, ಕ್ಲಾಸಿನ ಆಚೆ ನಿಂತೇ ಓದು ಮುಗಿಸಿದವನು ನಾನು. ಬರಬರುತ್ತ ಆ ಕೆಲಸ ನನಗೆ ಬಂತು. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಪ್ರಮೋಷನ್ನು ಅದು. ಕೊನೆಯದೂ ಅದೇ, ಏಕೆಂದರೆ ಅಷ್ಟರಲ್ಲಿ ನನ್ನ ಕಂಪನಿ ಮುಳುಗಿತು.

ಆ ದಿನಗಳಲ್ಲೇ ತಾತನ ಎದೆಯೂ ಕೈಕೊಡತೊಡಗಿತ್ತು. ಒಂದು ಸಂಜೆ ಮೊಣಕಾಲಿಗೆ ಹೊಡೆದುಕೊಳ್ಳದೆಯೇ ಮಾತು ತೆಗೆದರು.

"ಅವನ ಸಮಾಧಿ ಎಲ್ಲಿದೆ ಅಂತ್ಲೇ ಗೊತ್ತಿಲ್ಲ. ಹುಡುಕ್ಕೊಂಡು ಹೋಗಿದ್ದೆ, ಸಿಗಲಿಲ್ಲ. ಕಳ್ಳ ಅಂತ ಮನೆಯವರೆಲ್ಲ ಮುಚ್ಚಿಟ್ರು. ಇಷ್ಟು ವರ್ಷದಲ್ಲಿ ಒಬ್ಬರೂ ಅವನಿಗೆ ಒಂದು ಹೂ ಇಟ್ಟಿಲ್ಲ. ನಾನು ಹೋಗೋದ್ರೊಳಗೆ ಅವನಿಗೆ ಏನಾದ್ರೂ ಮಾಡ್ಬೇಕು."

ಮಂಡ್ಯದವನು ನನ್ನ ಪಕ್ಕೆ ತಿವಿದ. "ಅದ್ಕ್ಯಾಕ್ಲಾ ಸಮಾಧಿ? ಮಾಲಯ ಅಮಾಸೆ ಬಂದೈತೆ. ಒಂದ್ ಎಡೆ ಮಡುಗ್ಬುಟ್ರೆ ಅವ್ರೇ ಬಂದು ಉಂಡು ಹೋಯ್ತರೆ. ಏನಿಷ್ಟ ಕೇಳ್ಲಾ."

ಕೇಳಿದೆ. ತಾತ ಪೆಚ್ಚಾದರು. ಅಜ್ಜನಿಗೆ ಏನಿಷ್ಟವೆಂದು ಯಾರಿಗೆ ಗೊತ್ತು? ಅವನು ಆಸೆಪಟ್ಟಿದ್ದೆಂದು ಲೋಕಕ್ಕೆ ತಿಳಿದಿರುವುದು ಒಂದೇ ಪದಾರ್ಥ.

ಹೆಬ್ಬಾತಿಗಾಗಿ ಸ್ಯಾನ್ ಮಟಿಯೋವರೆಗೆ ಗ್ರೋಸರಿ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಎಲ್ಲೆಲ್ಲೂ ಸಣ್ಣ ಬಾತುಕೋಳಿಯೇ. "ಸಣ್ಣ ಬಾತಾಗಿದ್ರೆ ನಾಲ್ಕೇ ವರ್ಷ ಹಾಕ್ತಿದ್ರು," ಎಂದು ತಾತ ಒಪ್ಪಲಿಲ್ಲ. ಕೊನೆಗೆ ಚೀನೀಯರ ಅಂಗಡಿಯೊಂದರ ಫ್ರೀಜರಿನ ತಳದಲ್ಲಿ ಕಲ್ಲಿನಂಥ ಹೆಬ್ಬಾತು ಸಿಕ್ಕಿತು. ಮಂಡ್ಯದವನು ಅದಕ್ಕೆ ತನ್ನ ಅವ್ವನ ಮಸಾಲೆ ಮೆತ್ತಿದ. ಹೊಗೆಗೆ ಅಲಾರಮ್ಮು ಮೂರು ಸಲ ಬಡಿದುಕೊಂಡಿತು. ಬಾಳೆ ಎಲೆಯ ಮೇಲೆ ಮುದ್ದೆ, ಬಾತಿನ ತೊಡೆ, ಪಕ್ಕದಲ್ಲಿ ಒಂದು ಲೋಟ ಬಿಯರು. ಹಿರಿಯರಿಗೆ ಹೊಸ ಬಟ್ಟೆ ಇಡಬೇಕಲ್ಲ? ನನ್ನ ಮುಳುಗಿದ ಕಂಪನಿಯ ಟೀ-ಶರ್ಟು ಮಡಿಕೆ ಬಿಚ್ಚದೆ ಹಾಗೇ ಇತ್ತು, ಇಟ್ಟೆವು. ತಾತ ಕೈಮುಗಿಯಲು ಹೋಗಿ ಸೆಲ್ಯೂಟ್ ಹೊಡೆದರು.

ಹಿರಿಯರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಮುಚ್ಚಿ ಮೂವರೂ ಆಚೆ ನಿಂತೆವು. ತಾತ ಪಿಸುಗುಟ್ಟಿದರು:

"ನಾನು ಅವನ ಕಡೆಯವನು ಅಂತ ಅವನಿಗೆ ಗೊತ್ತಾಗುತ್ತಾ?"

"ಆ ಮೊಣಕಾಲು ನೋಡಿದ್ರೆ ಗೊತ್ತಾಗದೆ ಇರುತ್ತಾ ತಾತ?" ಅಂದೆ. ನಕ್ಕರು. ಆದರೆ ಬಾಗಿಲಿಗೆ ಕಿವಿಗೊಟ್ಟೇ ನಿಂತರು.

ಅಷ್ಟರಲ್ಲಿ ಒಳಗೆ ಧಡಾರ್!

"ಬಂದವ್ರೆ ಕಣ್ಲಾ!" ಎಂದು ಮಂಡ್ಯದವನು ನನ್ನ ತೋಳನ್ನೇ ತಬ್ಬಿಕೊಂಡ.

ಬಾಗಿಲು ತೆರೆದರೆ ಬಿಯರಿನ ಲೋಟ ಉರುಳಿತ್ತು, ಮುದ್ದೆ ಮುಟ್ಟಿರಲಿಲ್ಲ, ಬಾತಿನ ತೊಡೆ ಮಾಯ. ಮಂಡ್ಯದವನು ಅಲ್ಲೇ ಅಡ್ಡಬಿದ್ದ. ನನ್ನ ಕಣ್ಣು ಹೊಗೆಗೆಂದು ತೆರೆದಿಟ್ಟಿದ್ದ ಕಿಟಕಿಯತ್ತ ಹೋಯಿತು. ಚೌಕಟ್ಟಿನ ಮೇಲೆ ಸಾಲಾಗಿ ಎಣ್ಣೆಯ ಪುಟ್ಟ ಪಂಜದ ಗುರುತುಗಳು. ದಿನಾ ರಾತ್ರಿ ಹಿತ್ತಲಲ್ಲಿ ಕಸದ ಡಬ್ಬಿ ಮಗುಚುತ್ತಿದ್ದ ಆ ಕರಿಮುಖದ ರಕೂನ್ ಪ್ರಾಣಿ! ಎಂಥ ಜೋಕು, ಬಿಡುವವನೇ ನಾನು? ಬಾಯಿ ತೆರೆದೆ. ಅಷ್ಟರಲ್ಲಿ ತಾತ ಕಿಟಕಿಯ ಬಳಿ ಹೋಗಿ, ನನ್ನನ್ನೇ ನೋಡುತ್ತ, ಆ ಗುರುತುಗಳನ್ನು ಅಂಗಿಯ ತೋಳಿನಿಂದ ಒಂದೊಂದಾಗಿ ಒರೆಸಿಹಾಕಿದರು.

"ನೋಡಿದ್ಯಾ?" ಅಂದರು. "ಈ ಸಲ ಸಿಕ್ಕಿಬೀಳಲಿಲ್ಲ."

ನಾನು ಉರುಳಿದ ಲೋಟ ಎತ್ತಿ ಮತ್ತೆ ಬಿಯರು ತುಂಬಿಸಿಟ್ಟೆ.

ಮುಂದಿನ ಬೇಸಿಗೆ ಕಾಣುವ ಮೊದಲೇ ತಾತ ಹೋದರು. ಚಿತಾಭಸ್ಮ ಒಯ್ಯಲು ಟಾಸ್ಮೇನಿಯಾದಿಂದ ತಂಗಿಯ ಮಗಳು ಬಂದಿದ್ದಳು. ಮಾವನದು ಏನಾದರೂ ಕೊನೆಯ ಆಸೆ ಇತ್ತೇ ಎಂದು ಕೇಳಿದಳು. ಮಂಡ್ಯದವನು ಎಡೆಯ ವಿಧಿಯನ್ನು ಚಾಚೂ ತಪ್ಪದೆ ವಿವರಿಸಿದ, ಅಜ್ಜ ಬಂದು ಉಂಡು ಹೋದದ್ದನ್ನೂ ಸೇರಿಸಿ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಟಾಸ್ಮೇನಿಯಾದಿಂದ ಅವಳ ಫೋನು ಬಂತು. ಎರಡು ತಟ್ಟೆ ಇಟ್ಟು, ಬಾಗಿಲು ಮುಚ್ಚಿ, ಚಳಿಯಲ್ಲಿ ಆಚೆ ನಿಂತಿದ್ದಾಳೆ.

"ಎಷ್ಟು ಹೊತ್ತು ನಿಲ್ಲಬೇಕು? ಇಷ್ಟೊತ್ತಿಗೆ ಉಂಡು ಮುಗಿದಿರಲ್ವಾ?"

"ಅಜ್ಜಂದು ಮುಗಿದಿರುತ್ತೆ," ಅಂದೆ. "ನಿಮ್ಮ ಮಾವ ಇನ್ನೂ ತುತ್ತು ಎತ್ತಿರಲ್ಲ. ಪಕ್ಕದಲ್ಲಿ ಕೂತಿರೋ ಅಜ್ಜನಿಗೇ ಅಜ್ಜನ ಕತೆ ಹೇಳ್ತಿರ್ತಾರೆ. ಸ್ವಲ್ಪ ತಡೀರಿ, ಕತೆ ಈಗಿನ್ನೂ ಹಡಗು ಹತ್ತಿರಬೇಕು."